ಘಟ್ಟದ ದಾರಿಯಲ್ಲಿ ಕಾರಿನ ಫ್ಯಾನು

ಕಾರಿನ ಎಂಜಿನ್ನನ್ನು ನೀರು ತಂಪು ಮಾಡುತ್ತದೆ. ಆ ನೀರನ್ನು ಗಾಳಿ ತಂಪು ಮಾಡುತ್ತದೆ. ಗಾಳಿ ತಾನಾಗಿ ಬಾರದ ಹೊತ್ತಿನಲ್ಲಿ ಅದನ್ನು ಎಳೆದು ತರತಕ್ಕದ್ದು ರೇಡಿಯೇಟರಿನ ಬದಿಯಲ್ಲಿರುವ ಒಂದು ಸಣ್ಣ ವಿದ್ಯುತ್ ಫ್ಯಾನು. ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ, ಈ ದಿನ ನಾವು ವಿವರಿಸಬೇಕೆಂದಿರುವ ವಿಷಯದ ಅರ್ಧ ಭಾಗ ತಿಳಿದಂತೆಯೇ ಸರಿ. ಉಳಿದ ಅರ್ಧ, ಆ ಫ್ಯಾನು ತಿರುಗದೆ ಹೋದಾಗ ದೋಷವು ಎಲ್ಲಿದೆಯೆಂಬುದನ್ನು ಕ್ರಮವಾಗಿ ಹುಡುಕುವ ಬಗೆ. ಇದು ಯಂತ್ರಕಾರರಿಗೆ ಮಾತ್ರ ಸೇರಿದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಪೂರ್ತಿಯಾಗಿ ಮರೆಯದಿದ್ದವರಿಗೆಲ್ಲ ಇದು ಸುಲಭಸಾಧ್ಯವಾದುದು.

ವಿಷಯವನ್ನು ಒಂದು ಸ್ಥಳಕ್ಕೆ ಹೊಂದಿಸಿ ಹೇಳಿದರೆ ಮನಸ್ಸಿಗೆ ಚೆನ್ನಾಗಿ ನಾಟುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಬಾಳೂರು ಎಂಬ ಊರುಂಟು. ಸುತ್ತಲೂ ಕಾಫಿ ತೋಟಗಳು. ಹತ್ತಿರದ ಜಾವಳಿಯ ಬಳಿ ಹೇಮಾವತೀ ನದಿಯ ಉಗಮ. ಮೇಲೆ ಬಲ್ಲಾಳರಾಯನ ದುರ್ಗದ ಬೆಟ್ಟಸಾಲು. ಕೊಟ್ಟಿಗೆಹಾರದಿಂದ ಕಳಸ ಹೊರನಾಡುಗಳ ಕಡೆಗೆ ಹೋಗುವವರು ಈ ಸೀಮೆಯನ್ನು ಹಾದುಹೋಗುತ್ತಾರೆ. ಕೊಟ್ಟಿಗೆಹಾರದಿಂದ ಪಶ್ಚಿಮಕ್ಕೆ ತಿರುಗಿದರೆ ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ, ಬೆಳ್ತಂಗಡಿಗಳ ಮೂಲಕ ಮಂಗಳೂರನ್ನು ಸೇರಬಹುದು. ತೋಟದ ಮನೆಗಳಲ್ಲಿ ಯಾರಿಗಾದರೂ ಕಠಿಣವಾದ ಕಾಯಿಲೆಯಾದರೆ ದೊಡ್ಡ ಆಸ್ಪತ್ರೆಗಾಗಿ ಈ ಘಟ್ಟವನ್ನಿಳಿಯುವುದುಂಟು. ನಗರದಿಂದ ಬೆಟ್ಟಗಳನ್ನು ನೋಡಲು ಬರುವವರ ಗಾಡಿಗಳೂ ಇದೇ ದಾರಿಗಳಲ್ಲಿ ಸಾಲುಗಟ್ಟುತ್ತವೆ. ಇಂತಹ ಕಡೆ, ಒಂದು ಬದಿಗೆ ಕಡಿದಾದ ಗುಡ್ಡ, ಮತ್ತೊಂದು ಬದಿಗೆ ಕಮರಿ, ಕೈಯಲ್ಲಿರುವ ದೂರವಾಣಿಗೆ ಸಂಕೇತವಿಲ್ಲ ಎಂಬ ಸ್ಥಿತಿಯಲ್ಲಿ ಎಂಜಿನ್ ಕುದಿದು ನಿಂತರೆ, ಅದು ಕೇವಲ ಖರ್ಚಿನ ಮಾತಾಗಿ ಉಳಿಯುವುದಿಲ್ಲ.

ಘಟ್ಟವನ್ನು ಹತ್ತುವಾಗ ಎಂಜಿನ್ನಿನಲ್ಲಿ ಎಷ್ಟು ಶಾಖ ಹುಟ್ಟುತ್ತದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಜನರೂ ಸಾಮಾನೂ ಸೇರಿ ೧೨೦೦ ಕಿಲೋಗ್ರಾಂ ತೂಗುವ ಒಂದು ಕಾರು ೮೦೦ ಮೀಟರು ಎತ್ತರಕ್ಕೆ ಏರಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಭಾರವನ್ನು ಮೇಲಕ್ಕೆತ್ತುವ ಕೆಲಸವೊಂದಕ್ಕೇ ಸುಮಾರು ೯೪ ಲಕ್ಷ ಜೂಲುಗಳಷ್ಟು ಶಕ್ತಿ ಬೇಕು. ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಚಕ್ರಕ್ಕೆ ಉಪಯೋಗವಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಎಂಜಿನ್ನನ್ನು ಸುತ್ತುವ ನೀರಿಗೆ ಶಾಖವಾಗಿ ಸೇರುತ್ತದೆ. ಉಳಿದದ್ದು ಹೊಗೆಯ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಎಂದರೆ, ಘಟ್ಟದ ತುದಿಯನ್ನು ಮುಟ್ಟುವಷ್ಟರಲ್ಲಿ ನೀರಿಗೆ ಸೇರಿದ ಶಾಖವು ಒಂದು ಬಚ್ಚಲ ಹಂಡೆಯಲ್ಲಿ ಹಿಡಿಸುವ ಸುಮಾರು ೩೦ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಕಾರಿನೊಳಗೆ ಇರುವ ನೀರಾದರೋ ನಾಲ್ಕಾರು ಲೀಟರು ಮಾತ್ರ. ಆದುದರಿಂದ ಶಾಖವು ಹುಟ್ಟಿದ ಹಾಗೆಲ್ಲ ರೇಡಿಯೇಟರಿನ ಮೂಲಕ ಗಾಳಿಗೆ ಬಿಟ್ಟುಹೋಗುತ್ತಲೇ ಇರಬೇಕು. ಕೆಲವು ನಿಮಿಷ ತಡೆದರೂ ಅನರ್ಥವಾಗುತ್ತದೆ.

ಬಯಲು ಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿಗೆ ಎದುರುಗಾಳಿಯೇ ಸಾಕು. ಅಲ್ಲಿ ಫ್ಯಾನಿಗೆ ಕೆಲಸ ಸ್ವಲ್ಪವೇ. ಘಟ್ಟದ ಏರಿನಲ್ಲಿ ಹಾಗಲ್ಲ. ಅಲ್ಲಿ ವೇಗ ಕಡಿಮೆ, ಎದುರುಗಾಳಿ ಕಡಿಮೆ, ಆದರೆ ಶ್ರಮ ಹೆಚ್ಚು, ಶಾಖವೂ ಹೆಚ್ಚು. ಮುಂದೆ ಒಂದು ಲಾರಿ ತೆವಳುತ್ತಿದ್ದರಂತೂ ಕೇಳಬೇಕಾಗಿಲ್ಲ. ಇದೇ ಕಾರಣದಿಂದ ಒಂದು ವಿಚಿತ್ರವೂ ಉಂಟಾಗುತ್ತದೆ. ಫ್ಯಾನು ಕೆಟ್ಟಿರುವ ಗಾಡಿ ಬಾಳೂರಿನಿಂದ ಹೊರಟು ಚಾರ್ಮಾಡಿಯನ್ನು ಇಳಿಯುವಾಗ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ನಿಗೆ ಶ್ರಮವೇ ಇಲ್ಲವಷ್ಟೆ. ಕೆಳಗಿನ ಸಮತಟ್ಟಿನಲ್ಲಿಯೂ ಓಡುವ ಗಾಳಿ ಅದನ್ನು ಕಾಪಾಡುತ್ತದೆ. ಹಿಂದಿರುಗಿ ಬರುವಾಗ, ಕತ್ತಲಾದ ಮೇಲೆ, ಘಟ್ಟದ ನಡುವಿನಲ್ಲಿ ದೋಷವು ತನ್ನನ್ನು ತೋರಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿಯೇ ಹೋಯಿತಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಹಿಂದಿನ ಗಾಡಿಗಳಲ್ಲಿ ಈ ಫ್ಯಾನು ವಿದ್ಯುತ್ತಿನದಾಗಿರಲಿಲ್ಲ. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರಿನಲ್ಲಿಯೂ, ತೋಟಗಳಲ್ಲಿ ಓಡಾಡುತ್ತಿದ್ದ ಹಳೆಯ ಜೀಪುಗಳಲ್ಲಿಯೂ ಎಂಜಿನ್ನೇ ಒಂದು ಬೆಲ್ಟಿನ ಮೂಲಕ ಫ್ಯಾನನ್ನು ತಿರುಗಿಸುತ್ತಿತ್ತು. ಎಂಜಿನ್ನನ್ನು ಗಾಡಿಯ ಅಗಲಕ್ಕೆ ಅಡ್ಡಲಾಗಿ ಇರಿಸಿ ಮುಂದಿನ ಚಕ್ರಗಳನ್ನೇ ನಡೆಸುವ ಮಾದರಿ ಬಂದ ಮೇಲೆ ಬೆಲ್ಟಿನಿಂದ ರೇಡಿಯೇಟರಿನ ಫ್ಯಾನನ್ನು ತಿರುಗಿಸುವುದು ಅನುಕೂಲವಾಗದೆ ಹೋಯಿತು. ಅದಕ್ಕೆ ಪ್ರತ್ಯೇಕವಾದ ವಿದ್ಯುತ್ ಮೋಟಾರು ಬಂದಿತು. ನಮ್ಮ ದೇಶದ ಸಾಮಾನ್ಯ ಕುಟುಂಬಗಳಿಗೆ ಇಂತಹ ಗಾಡಿಯ ಪರಿಚಯವಾದದ್ದು ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ರಿಂದ ಎನ್ನಬಹುದು. ಈ ಬದಲಾವಣೆಯಿಂದ ಹಳೆಯ ಒಂದು ಬುದ್ಧಿಮಾತು ಅರ್ಧದಷ್ಟು ಸುಳ್ಳಾಯಿತು. ಗಾಡಿ ಬಿಸಿಯಾದರೆ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ತುಳಿಯಿರಿ ಎಂದು ಹಿಂದಿನ ಚಾಲಕರು ಹೇಳುತ್ತಿದ್ದರು. ಬೆಲ್ಟಿನ ಫ್ಯಾನಿಗೆ ಅದು ನ್ಯಾಯವಾದ ಮಾತು. ಎಂಜಿನ್ ವೇಗವಾಗಿ ತಿರುಗಿದರೆ ಫ್ಯಾನೂ ವೇಗವಾಗಿ ತಿರುಗುತ್ತಿತ್ತು. ವಿದ್ಯುತ್ ಫ್ಯಾನಾದರೋ ಎಂಜಿನ್ನಿನ ವೇಗವನ್ನು ಲಕ್ಷಿಸುವುದಿಲ್ಲ. ತುಳಿದರೆ ನೀರಿನ ಪಂಪು ಮಾತ್ರ ಚುರುಕಾಗುತ್ತದೆ. ಗಾಳಿಯೇ ಇಲ್ಲದಿದ್ದರೆ ಆ ಚುರುಕಿನಿಂದ ಬರುವ ಪ್ರಯೋಜನ ಸ್ವಲ್ಪವೇ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಿಮೆಯಾಗುವುದರಿಂದ ನೀರು ಬೇಗ ಕುದಿಯುತ್ತದೆ. ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿ ಸೆಂಟಿಗ್ರೇಡಿನಂತೆ ಕುದಿಯುವ ಮಟ್ಟ ಇಳಿಯುತ್ತದೆ. ಸಾವಿರ ಮೀಟರು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ೯೭ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕಾರಿನಲ್ಲಿ ಹೀಗಾಗದಂತೆ ತಡೆಯುವುದು ರೇಡಿಯೇಟರಿನ ಮುಚ್ಚಳ. ಅದರೊಳಗಿನ ಸ್ಪ್ರಿಂಗು ವಾಯುಭಾರಕ್ಕಿಂತ ಹೆಚ್ಚಾಗಿ ಮತ್ತೊಂದು ವಾಯುಭಾರದಷ್ಟು ಒತ್ತಡವನ್ನು ಒಳಗೆ ಹಿಡಿದಿಡುವುದರಿಂದ ನೀರು ಸುಮಾರು ೧೨೦ ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರಿನೊಡನೆ ಕೂಲಂಟ್ ಬೆರೆತಿದ್ದರೆ ಈ ಮಿತಿ ಇನ್ನೂ ಸ್ವಲ್ಪ ಮೇಲೇರುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಈ ರಕ್ಷಣೆ ತಪ್ಪಿಹೋಗುತ್ತದೆ; ಆಗ ಫ್ಯಾನು ಸರಿಯಾಗಿದ್ದರೂ ನೀರು ಉಕ್ಕಿಹೋಗಬಹುದು. ಬಿಸಿಯಾದ ಗಾಡಿಯ ಮುಚ್ಚಳವನ್ನು ತೆರೆಯಬಾರದೆಂಬುದಕ್ಕೂ ಇದೇ ಕಾರಣ. ತೆರೆದ ಕ್ಷಣದಲ್ಲಿ ಒತ್ತಡವಿಳಿದು, ಅದುವರೆಗೆ ಕುದಿಯದೆ ಇದ್ದ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ.

ಈಗ ಫ್ಯಾನಿನ ವಿದ್ಯುನ್ಮಾರ್ಗವನ್ನು ನೋಡೋಣ. ಬ್ಯಾಟರಿಯಿಂದ ಹೊರಟ ಪ್ರವಾಹ ಮೊದಲು ಫ್ಯೂಸನ್ನು ದಾಟುತ್ತದೆ. ಆಮೇಲೆ ರಿಲೇ ಎಂಬ ಸಣ್ಣ ಪೆಟ್ಟಿಗೆಯನ್ನು. ಅಲ್ಲಿಂದ ಮೋಟಾರಿಗೆ ಬಂದು, ಮೋಟಾರಿನಿಂದ ಗಾಡಿಯ ಲೋಹದ ಶರೀರದ ಮೂಲಕ ಬ್ಯಾಟರಿಯ ಇನ್ನೊಂದು ತುದಿಗೆ ಹಿಂದಿರುಗುತ್ತದೆ. ಈ ಕೊನೆಯ ಹಾದಿಗೆ ಅರ್ತ್ ಎಂದು ಹೆಸರು. ಸಾಧಾರಣ ಕಾರಿನ ಫ್ಯಾನು ೧೨ ವೋಲ್ಟಿನಲ್ಲಿ ೧೦ರಿಂದ ೨೦ ಆಂಪಿಯರಿನವರೆಗೆ ಪ್ರವಾಹವನ್ನು ಬಯಸುತ್ತದೆ. ೧೫ ಆಂಪಿಯರು ಎಂದರೆ ೧೮೦ ವ್ಯಾಟು, ಅಂದರೆ ಮುಂಭಾಗದ ಮೂರು ದೀಪಗಳಷ್ಟು. ಇಷ್ಟು ದೊಡ್ಡ ಪ್ರವಾಹವನ್ನು ನೀರಿನ ಉಷ್ಣತೆಯನ್ನಳೆಯುವ ಸೂಕ್ಷ್ಮವಾದ ಉಪಕರಣದ ಮೂಲಕವೇ ಹಾಯಿಸಿದರೆ ಅದು ಬೇಗನೆ ಸುಟ್ಟುಹೋದೀತು. ಆದುದರಿಂದಲೇ ರಿಲೇಯ ಏರ್ಪಾಡು. ಅಧಿಕಾರಿಯು ಕುಳಿತಲ್ಲಿಂದ ಒಂದು ಚೀಟಿಯನ್ನು ಕಳುಹಿಸುತ್ತಾನೆ. ಕೆರೆಯ ಏರಿಯ ಮೇಲೆ ತೂಬನ್ನೆತ್ತತಕ್ಕವನು ನೀರಗಂಟಿ. ಉಷ್ಣತೆಯನ್ನು ತಿಳಿಸುವ ಸೆನ್ಸರು, ಅದನ್ನು ಓದುವ ಕಾರಿನ ಕಂಪ್ಯೂಟರು, ಇವು ಚೀಟಿಯನ್ನು ಕಳುಹಿಸುವವರು, ರಿಲೇ ನೀರಗಂಟಿ, ಬ್ಯಾಟರಿಯ ಪ್ರವಾಹ ಕೆರೆಯ ನೀರು, ಮೋಟಾರು ಗದ್ದೆ. ಗದ್ದೆಗೆ ನೀರು ಬಾರದಿದ್ದರೆ ಚೀಟಿ ಬರಲಿಲ್ಲವೇ, ನೀರಗಂಟಿ ಏಳಲಿಲ್ಲವೇ, ಕಾಲುವೆ ಕಟ್ಟಿದೆಯೇ, ಅಥವಾ ಗದ್ದೆಯೇ ಕೆಟ್ಟಿದೆಯೇ ಎಂದು ಬೇರೆ ಬೇರೆಯಾಗಿ ವಿಚಾರಿಸಬೇಕು. ದೋಷವನ್ನು ಹುಡುಕುವ ಕ್ರಮವೆಲ್ಲವೂ ಇಷ್ಟೇ.

ಆದರೆ ಗಾಡಿ ಬಿಸಿಯಾಯಿತೆಂದ ಮಾತ್ರಕ್ಕೆ ಫ್ಯಾನೇ ಅಪರಾಧಿಯೆಂದು ತೀರ್ಮಾನಿಸಬಾರದು. ನಿಂತಾಗ ಅಥವಾ ತೆವಳುವಾಗ ಬಿಸಿಯಾಗಿ, ವೇಗವಾಗಿ ಓಡುವಾಗ ತಣಿಯುವ ಗಾಡಿಯಲ್ಲಿ ಗಾಳಿಯ ಕೊರತೆಯಿದೆ. ಅಲ್ಲಿ ಫ್ಯಾನನ್ನು ಸಂಶಯಿಸುವುದು ನ್ಯಾಯ. ಸಮತಟ್ಟಾದ ದಾರಿಯಲ್ಲಿ ಒಳ್ಳೆಯ ವೇಗದಲ್ಲಿ ಓಡುವಾಗಲೂ ಬಿಸಿಯೇರುವ ಗಾಡಿಯಲ್ಲಿ ನೀರು ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ತೆರೆಯದಿರಬಹುದು, ಪಂಪು ಕೆಟ್ಟಿರಬಹುದು, ರೇಡಿಯೇಟರು ಒಳಗೆ ಕಟ್ಟಿರಬಹುದು. ಫ್ಯಾನನ್ನು ಬದಲಾಯಿಸಿದರೆ ಹಣ ಹೋಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಎಂಜಿನ್ ಕಾದಿರುವಾಗ ಫ್ಯಾನು ನಿಂತಿದ್ದಿತೆಂದೂ ಹೆದರಬೇಕಾಗಿಲ್ಲ. ಥರ್ಮೋಸ್ಟಾಟ್ ೮೫ ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಫ್ಯಾನು ಸಾಮಾನ್ಯವಾಗಿ ೯೫ರಿಂದ ೧೦೦ ಡಿಗ್ರಿಯ ಸುಮಾರಿನಲ್ಲಿ ಹೊರಡುತ್ತದೆ. ಇವೆರಡರ ನಡುವೆ ಅದು ಸುಮ್ಮನಿರುವುದೇ ಧರ್ಮ.

ಪರೀಕ್ಷೆಗೆ ಕೈಹಾಕುವ ಮುನ್ನ ಎರಡು ಎಚ್ಚರಿಕೆಗಳು. ಅನೇಕ ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನು ತಾನಾಗಿಯೇ ಹೊರಡಬಲ್ಲುದು. ಆದುದರಿಂದ ಅಲಗುಗಳ ನಡುವೆ ಕೈಯಿಡಬೇಕಾದರೆ ಬ್ಯಾಟರಿಯ ಋಣ ತುದಿಯನ್ನು ಕಳಚಿಯೇ ಇಡಬೇಕು. ಸೀರೆಯ ಸೆರಗು, ಅಂಗವಸ್ತ್ರ, ಸಡಿಲವಾದ ತೋಳುಗಳನ್ನು ದೂರವಿರಿಸಬೇಕು. ಎರಡನೆಯದು, ಬ್ಯಾಟರಿಯ ಶಕ್ತಿಯಿಂದಲೂ ಓಡುವ ಹೈಬ್ರಿಡ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವುಗಳಲ್ಲಿ ಹರಿಯುವುದು ಪ್ರಾಣಾಪಾಯಕರವಾದ ವೋಲ್ಟು. ಅವುಗಳ ಗೋಜಿಗೆ ಹೋಗಲೇಬಾರದು.

ಮೊದಲನೆಯ ಪರೀಕ್ಷೆ ಕಣ್ಣಿನದು. ಎಂಜಿನ್ ಪೂರ್ತಿಯಾಗಿ ತಣಿದಿರುವಾಗ ನೀರಿನ ಮಟ್ಟವನ್ನು ನೋಡಬೇಕು. ಇದಕ್ಕೂ ಫ್ಯಾನಿಗೂ ಏನು ಸಂಬಂಧವೆಂದು ಕೇಳಬಹುದು, ಸಂಬಂಧವುಂಟು. ನೀರು ಕಡಿಮೆಯಾದರೆ ಸೆನ್ಸರು ನೀರಿನಲ್ಲಿ ಮುಳುಗದೆ ಗಾಳಿಯ ಗುಳ್ಳೆಯಲ್ಲಿ ನಿಂತಿರಬಹುದು. ಆಗ ಅದು ನಿಜವಾದ ಉಷ್ಣತೆಯನ್ನು ಅರಿಯದೆ ಫ್ಯಾನಿಗೆ ಆಜ್ಞೆಯನ್ನೇ ಕಳುಹಿಸುವುದಿಲ್ಲ. ಹೀಗೆ ನೀರಿನ ಸೋರಿಕೆಯು ಫ್ಯಾನಿನ ದೋಷದ ವೇಷವನ್ನು ಧರಿಸಿ ಬರುವುದುಂಟು. ಅನಂತರ ಅಲಗನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಅದು ತಡೆಯಿಲ್ಲದೆ ತಿರುಗಬೇಕು. ಕಡ್ಡಿ ಸಿಕ್ಕಿಕೊಂಡಿರಬಹುದು, ಅಲಗು ಮುರಿದಿರಬಹುದು, ಮೋಟಾರಿನ ಬೇರಿಂಗು ಬಿಗಿದಿರಬಹುದು. ತಂತಿಗಳನ್ನೂ ಅವುಗಳ ಕೂಡುಗಳನ್ನೂ ನೋಡಿ, ಕರಗಿದ ಪ್ಲಾಸ್ಟಿಕ್, ಹಸಿರು ಕಿಲುಬು, ಇಲಿ ಕಡಿದ ಗುರುತು ಇವೆಯೇ ಎಂದು ಪರಿಶೀಲಿಸಬೇಕು.

ಎರಡನೆಯ ಪರೀಕ್ಷೆಗೆ ಉಪಕರಣವೇ ಬೇಡ. ಎಂಜಿನ್ನನ್ನು ಹೊರಡಿಸಿ ಏ.ಸಿ.ಯನ್ನು ಹಾಕಬೇಕು. ಬಹುತರ ಕಾರುಗಳಲ್ಲಿ ಏ.ಸಿ. ನಡೆಯುವಾಗ, ನೀರಿನ ಉಷ್ಣತೆ ಎಷ್ಟೇ ಇರಲಿ, ಫ್ಯಾನಿಗೆ ಆಜ್ಞೆ ಹೋಗುತ್ತದೆ. ಈ ಒಂದು ಪ್ರಶ್ನೆಯಿಂದ ಸಮಸ್ಯೆ ಎರಡಾಗಿ ಸೀಳುತ್ತದೆ. ಏ.ಸಿ. ಹಾಕಿದಾಗ ತಿರುಗುವ ಫ್ಯಾನು, ಎಂಜಿನ್ ಕಾದಾಗ ತಿರುಗದಿದ್ದರೆ, ಮೋಟಾರು, ಫ್ಯೂಸು, ಅರ್ತ್ ಇವು ಸರಿಯಾಗಿವೆ; ದೋಷ ಸೆನ್ಸರಿನ ಕಡೆಗಿದೆ. ಎರಡು ಸಂದರ್ಭದಲ್ಲಿಯೂ ತಿರುಗದಿದ್ದರೆ ದೋಷ ಫ್ಯೂಸು, ರಿಲೇ, ತಂತಿ, ಮೋಟಾರುಗಳಲ್ಲೊಂದರಲ್ಲಿದೆ. ಇದಕ್ಕೆ ಎರಡು ಅಪವಾದಗಳುಂಟು. ಎರಡು ಫ್ಯಾನುಗಳಿರುವ ಗಾಡಿಯಲ್ಲಿ ಏ.ಸಿ.ಗೆ ತಿರುಗುವುದು ಒಂದು, ರೇಡಿಯೇಟರಿಗೆ ತಿರುಗುವುದು ಇನ್ನೊಂದು ಆಗಿರಬಹುದು. ಯಾವುದು ತಿರುಗಿತೆಂಬುದನ್ನು ಗಮನಿಸಬೇಕು. ಏ.ಸಿ.ಯ ಅನಿಲವೇ ಸೋರಿಹೋಗಿದ್ದರೆ ಆಜ್ಞೆಯೂ ಹೊರಡದಿರಬಹುದು.

ಮೂರನೆಯದು ಫ್ಯೂಸು. ಗಾಡಿಯ ಕೈಪಿಡಿಯಲ್ಲಿಯೋ ಪೆಟ್ಟಿಗೆಯ ಮುಚ್ಚಳದ ಒಳಗಡೆಯೋ ಫ್ಯಾನಿನ ಫ್ಯೂಸು ಯಾವುದೆಂದು ಗುರುತಿಸಿರುತ್ತದೆ. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಬೇರೊಂದನ್ನು ಹಾಕಬೇಕು. ದಪ್ಪದ್ದನ್ನಾಗಲಿ, ತಂತಿಯ ತುಂಡನ್ನಾಗಲಿ ಸರ್ವಥಾ ಹಾಕಬಾರದು. ಫ್ಯೂಸು ತಾನು ಸುಟ್ಟು ಗಾಡಿಯನ್ನುಳಿಸತಕ್ಕ ಕಾವಲುಗಾರ. ಅದನ್ನು ಬಲಪಡಿಸಿದರೆ ಸುಡುವ ಸರದಿ ತಂತಿಗೆ ಬರುತ್ತದೆ. ಹೊಸ ಫ್ಯೂಸೂ ಸುಟ್ಟರೆ ಕಾರಣವನ್ನು ಹುಡುಕಲೇಬೇಕು. ಬೇರಿಂಗು ಬಿಗಿದು ಸರಿಯಾಗಿ ತಿರುಗಲಾರದ ಮೋಟಾರು ಮಿತಿಮೀರಿದ ಪ್ರವಾಹವನ್ನು ಸೆಳೆದುಕೊಳ್ಳುತ್ತದೆ.

ನಾಲ್ಕನೆಯದು ರಿಲೇ. ಆಜ್ಞೆ ಬಂದಾಗ ಅದರಲ್ಲಿ ಟಕ್ಕೆಂಬ ಸದ್ದಾಗುತ್ತದೆ. ಆದರೆ ಈ ಸದ್ದನ್ನು ಕೇಳಿ ತೃಪ್ತರಾಗಬಾರದು. ಸದ್ದು ನೀರಗಂಟಿ ಎದ್ದನೆಂಬುದಕ್ಕೆ ಸಾಕ್ಷಿ, ತೂಬು ತೆರೆಯಿತೆಂಬುದಕ್ಕಲ್ಲ. ಒಳಗಿನ ಸ್ಪರ್ಶಬಿಂದುಗಳು ಸುಟ್ಟು ಕರಿಕಾಗಿದ್ದರೆ ಸದ್ದಾದರೂ ಪ್ರವಾಹ ಹರಿಯುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ಹಾರನ್ನಿಗೋ ಬೇರೆ ಕೆಲಸಕ್ಕೋ ಇರುವ ರಿಲೇಯ ಮೇಲೆ ಅದೇ ಸಂಖ್ಯೆ, ಅದೇ ಗುರುತು ಇದ್ದಲ್ಲಿ ಎರಡನ್ನೂ ಅದಲುಬದಲು ಮಾಡಿ ನೋಡುವುದು ಅತ್ಯಂತ ಸರಳವಾದ ಪರೀಕ್ಷೆ. ಗುರುತು ಬೇರೆಯಾಗಿದ್ದರೆ ಹಾಗೆ ಮಾಡಲಾಗದು.

ಐದನೆಯದು ಮೋಟಾರು. ಅದರ ಕೂಡನ್ನು ಕಳಚಿ, ನಡುವೆ ಫ್ಯೂಸುಳ್ಳ ಒಂದು ಜೊತೆ ತಂತಿಯಿಂದ ನೇರವಾಗಿ ಬ್ಯಾಟರಿಗೆ, ಧನಕ್ಕೆ ಧನವನ್ನೂ ಋಣಕ್ಕೆ ಋಣವನ್ನೂ ಕೂಡಿಸಿದರೆ ಒಳ್ಳೆಯ ಮೋಟಾರು ಒಡನೆಯೇ ರಭಸದಿಂದ ತಿರುಗುತ್ತದೆ. ತಿರುಗದಿದ್ದರೆ ಅದು ಸತ್ತಿದೆ. ಕೋಲಿನಿಂದ ಅಲಗನ್ನು ತಳ್ಳಿದ ಮೇಲೆ ಹೊರಟರೆ ಒಳಗಿನ ಇದ್ದಲಿನ ಬ್ರಷ್‌ಗಳು ಸವೆದಿವೆ; ಇಂದು ತಳ್ಳಿದರೆ ಹೊರಟದ್ದು ನಾಳೆ ಹೊರಡಲಾರದು. ಧನಋಣಗಳು ತಿರುವುಮುರುವಾದರೆ ಫ್ಯಾನು ಹಿಮ್ಮುಖವಾಗಿ ತಿರುಗಿ, ಓಡುವ ಗಾಡಿಯ ಎದುರುಗಾಳಿಯೊಡನೆ ಹೋರಾಡುತ್ತದೆ. ಎಂದೋ ರಿಪೇರಿಯಾದ ಗಾಡಿಯಲ್ಲಿ ಫ್ಯಾನು ತಿರುಗುತ್ತಿದ್ದರೂ ಬಿಸಿಯೇರುವುದಾದರೆ, ರೇಡಿಯೇಟರಿನ ಮುಂದೆ ಒಂದು ಕಾಗದವನ್ನು ಹಿಡಿದು ಅದು ಜಾಲರಿಗೆ ಅಂಟಿಕೊಳ್ಳುತ್ತದೆಯೇ ಹಾರಿಹೋಗುತ್ತದೆಯೇ ಎಂದು ನೋಡಬೇಕು. ಅಂಟಿಕೊಳ್ಳುವುದೇ ಸರಿಯಾದ ದಿಕ್ಕು. ಈಚಿನ ಕೆಲವು ಗಾಡಿಗಳಲ್ಲಿ ಮೋಟಾರಿನೊಳಗೇ ವೇಗವನ್ನು ಆಳುವ ಇಲೆಕ್ಟ್ರಾನಿಕ್ ಏರ್ಪಾಡಿದ್ದು, ಮೂರು ನಾಲ್ಕು ತಂತಿಗಳು ಬಂದಿರುತ್ತವೆ. ಅಂತಹವನ್ನು ಹೀಗೆ ನೇರವಾಗಿ ಕೂಡಿಸಲೇಬಾರದು.

ಆರನೆಯದು, ಬಲ್ಲವರೂ ಮೋಸಹೋಗುವ ಸ್ಥಳ. ಫ್ಯೂಸು ಸರಿ, ರಿಲೇ ಸರಿ, ಮೋಟಾರನ್ನು ನೇರವಾಗಿ ಕೂಡಿಸಿದರೆ ಚೆನ್ನಾಗಿ ತಿರುಗುತ್ತದೆ. ಮೋಟಾರಿಗೆ ಬರುವ ತಂತಿಯನ್ನು ಕಳಚಿ ವೋಲ್ಟ್‌ಮೀಟರಿನಿಂದ ಅಳೆದರೆ ೧೨ ವೋಲ್ಟೂ ಇದೆ. ಆದರೂ ಕೂಡಿಸಿದೊಡನೆ ಫ್ಯಾನು ನಿಧಾನವಾಗಿ ಅಲ್ಲಾಡುತ್ತದೆ ಅಥವಾ ನಿಲ್ಲುತ್ತದೆ. ಇದೇನು ಮಾಯೆ? ಓಮನ ನಿಯಮವನ್ನು ನೆನೆಯೋಣ. ಕಿಲುಬು ಹಿಡಿದ ಒಂದು ಕೂಡಿನಲ್ಲಿ ೦.೨ ಓಮಿನಷ್ಟು ಅಲ್ಪ ನಿರೋಧವಿದೆಯೆಂದು ಭಾವಿಸೋಣ. ವೋಲ್ಟ್‌ಮೀಟರು ಸೆಳೆಯುವ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಆ ಕೂಡಿನಲ್ಲಿ ಏನೂ ನಷ್ಟವಾಗದೆ ಪೂರ್ತಿ ೧೨ ವೋಲ್ಟು ಕಾಣುತ್ತದೆ. ಮೋಟಾರು ೧೫ ಆಂಪಿಯರನ್ನು ಸೆಳೆಯತೊಡಗಿದಾಗ ಅದೇ ೦.೨ ಓಮಿನಲ್ಲಿ ೩ ವೋಲ್ಟು ನಷ್ಟವಾಗುತ್ತದೆ. ಮೋಟಾರಿಗೆ ಉಳಿಯುವುದು ೯. ಅಷ್ಟೇ ಅಲ್ಲ, ಆ ಕೂಡಿನಲ್ಲಿ ೪೫ ವ್ಯಾಟು ಶಾಖವಾಗಿ, ಬೆಸುಗೆ ಹಾಕುವ ಕಾವುಕಡ್ಡಿಯಂತೆ ಅದು ಕಾಯುತ್ತದೆ. ಪ್ಲಾಸ್ಟಿಕ್ ಕರಗುವುದು ಹೀಗೆ. ಬರಿಯ ಕಾಲುವೆಯನ್ನು ನೋಡಿ ನೀರು ಹರಿಯುತ್ತದೆಂದು ಹೇಳಲಾಗದಂತೆ, ಹೊರೆಯಿಲ್ಲದ ತಂತಿಯನ್ನಳೆದು ಅದು ಸರಿಯಾಗಿದೆಯೆಂದು ಹೇಳಲಾಗದು.

ಆದುದರಿಂದ ಮೋಟಾರನ್ನು ಕೂಡಿಸಿ, ಫ್ಯಾನಿಗೆ ಆಜ್ಞೆಯಿರುವಾಗಲೇ ಅಳೆಯಬೇಕು. ಬ್ಯಾಟರಿಯ ಎರಡು ತುದಿಗಳಲ್ಲಿ ಎಷ್ಟಿದೆ, ಮೋಟಾರಿನ ಎರಡು ತುದಿಗಳಲ್ಲಿ ಎಷ್ಟಿದೆ ಎಂದು ನೋಡಿದರೆ ಅವುಗಳ ಅಂತರವೇ ದಾರಿಯಲ್ಲಾದ ಸೋರಿಕೆ. ಬ್ಯಾಟರಿಯ ಋಣ ತುದಿಗೂ ಮೋಟಾರಿನ ಅರ್ತ್ ತುದಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡುಬಂದರೆ ದೋಷ ಹಿಂದಿರುಗುವ ಹಾದಿಯಲ್ಲಿದೆ. ಅರ್ತ್ ತಂತಿಯನ್ನು ಶರೀರಕ್ಕೆ ಬಿಗಿದ ಬೋಲ್ಟನ್ನು ಕಳಚಿ, ತುಕ್ಕನ್ನೂ ಬಣ್ಣವನ್ನೂ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿದರೆ ಸಾಕು. ಹೊಸ ಮೋಟಾರಿಗೆ ತೆರಬೇಕಾದ ಹಣ ಉಪ್ಪುಕಾಗದದ ಒಂದು ತುಂಡಿನಿಂದ ಉಳಿಯುತ್ತದೆ.

ಏಳನೆಯದು ಸೆನ್ಸರು. ಹಳೆಯ ಗಾಡಿಗಳಲ್ಲಿ ರೇಡಿಯೇಟರಿಗೆ ಸೇರಿಸಿದ ಎರಡು ತಂತಿಯ ಒಂದು ಸ್ವಿಚ್ಚಿರುತ್ತದೆ. ಅದರ ಕೂಡನ್ನು ಕಳಚಿ ಎರಡು ತಂತಿಗಳನ್ನೂ ಸೇರಿಸಿದಾಗ ಫ್ಯಾನು ಹೊರಟರೆ ಸ್ವಿಚ್ಚು ಕೆಟ್ಟಿದೆ. ಹೊಸ ಗಾಡಿಗಳಲ್ಲಿ ಕಾವು ಏರಿದಂತೆ ನಿರೋಧವಿಳಿಯುವ ಸೆನ್ಸರಿದ್ದು, ಕಂಪ್ಯೂಟರು ಅದನ್ನು ಓದುತ್ತದೆ. ಇಂತಹ ಅನೇಕ ಗಾಡಿಗಳಲ್ಲಿ ಸೆನ್ಸರಿನ ಕೂಡನ್ನು ಕಳಚಿದರೆ, ಉಷ್ಣತೆ ತಿಳಿಯದೆ ಹೋದ ಕಂಪ್ಯೂಟರು ಅಪಾಯವನ್ನೇ ಊಹಿಸಿಕೊಂಡು ಫ್ಯಾನನ್ನು ಹೊರಡಿಸುತ್ತದೆ. ಹಾಗಾದರೆ ಕಂಪ್ಯೂಟರಿನಿಂದ ಮೋಟಾರಿನವರೆಗೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ. ಇಲ್ಲಿ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಬಾರದು, ಕಳಚುವುದಷ್ಟೇ. ಪರೀಕ್ಷೆಯಾದ ಮೇಲೆ ಎಚ್ಚರಿಕೆಯ ದೀಪ ಸ್ವಲ್ಪ ಕಾಲ ಉರಿಯಬಹುದು.

ಇದಕ್ಕೆ ಪ್ರತಿಯಾಗಿ, ನಿಲ್ಲದೆ ತಿರುಗುವ ಫ್ಯಾನೂ ಉಂಟು. ಎಂಜಿನ್ ನಿಂತ ಮೇಲೆ ಕೆಲವು ನಿಮಿಷ ತಿರುಗುವುದು ಅನೇಕ ಗಾಡಿಗಳಲ್ಲಿ ಸಹಜವೇ. ರಾತ್ರಿಯೆಲ್ಲ ತಿರುಗಿ ಬೆಳಗಾಗುವಷ್ಟರಲ್ಲಿ ಬ್ಯಾಟರಿಯನ್ನು ಬರಿದುಮಾಡಿದರೆ ರಿಲೇಯ ಸ್ಪರ್ಶಬಿಂದುಗಳು ಒಂದಕ್ಕೊಂದು ಅಂಟಿಹೋಗಿರುವ ಸಂಭವ ಹೆಚ್ಚು. ತಣ್ಣನೆಯ ಎಂಜಿನ್ನನ್ನು ಹೊರಡಿಸಿದ ಕೂಡಲೇ ತಿರುಗತೊಡಗಿದರೆ ಸೆನ್ಸರಿನ ತಂತಿ ತುಂಡಾಗಿರಬಹುದು.

ಮಲೆನಾಡಿನಲ್ಲಿ ಈ ದೋಷಗಳಿಗೆ ವಿಶೇಷವಾದ ಕಾರಣಗಳುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ತೇವ ತಂತಿಗಳ ಕೂಡುಗಳಲ್ಲಿ ನೆಲಸಿ ಕಿಲುಬನ್ನು ಬೆಳೆಸುತ್ತದೆ. ಮಳೆಗೂ ಚಳಿಗೂ ಅಂಜಿದ ಇಲಿಗಳು ಬೆಚ್ಚಗಿನ ಎಂಜಿನ್ನಿನ ಬಳಿಗೆ ಬಂದು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ತೋಟದ ಕೆಂಪು ಮಣ್ಣು, ಸಿಲ್ವರ್ ಓಕ್ ಮರದ ಎಲೆ, ಹುಲ್ಲಿನ ಬೀಜ ಇವೆಲ್ಲ ರೇಡಿಯೇಟರಿನ ಮುಂದಿನ ಜಾಲರಿಯಲ್ಲಿ ಸೇರಿ ಗಾಳಿಯನ್ನು ತಡೆಯುತ್ತವೆ; ಅಂತಹ ಕಡೆ ಫ್ಯಾನು ಎಷ್ಟು ತಿರುಗಿದರೇನು? ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮಳೆಗಾಲದ ತಂಪಿನಲ್ಲಿ ಏ.ಸಿ.ಯನ್ನು ಹಾಕದವರ ಗಾಡಿಯಲ್ಲಿ ಫ್ಯಾನಿಗೆ ಕೆಲಸವೇ ಕಡಿಮೆ. ಮಳೆಯು ಮಾಡಿದ ಕೇಡನ್ನು ಮಳೆಯ ತಂಪೇ ಮುಚ್ಚಿಟ್ಟಿರುತ್ತದೆ. ಕಾಫಿ ಕೊಯ್ಲಿನ ಕಾಲ ಬಂದು, ಗಾಡಿಗಳು ಹೊರೆ ಹೊತ್ತು ಏರುವಾಗ, ಬಿಸಿಲೂ ಬಲಿತಾಗ ಅದು ಬಯಲಾಗುತ್ತದೆ. ಆದುದರಿಂದ ಮಳೆಗಾಲ ಮುಗಿದ ಮೇಲೆ ಒಂದು ದಿನ ಗಾಡಿಯನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿ, ಏ.ಸಿ. ಹಾಕದೆ ಎಂಜಿನ್ನನ್ನು ನಡೆಸುತ್ತ, ಮುಳ್ಳು ಮಾಮೂಲಿನ ಮಟ್ಟವನ್ನು ದಾಟದಂತೆ ಕಾವಲಿದ್ದು, ಫ್ಯಾನು ತಾನಾಗಿ ಹೊರಟು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಕಾಲು ಗಂಟೆ ಅರ್ಧ ಗಂಟೆಯ ಈ ಕಾಯುವಿಕೆ ಘಟ್ಟದಲ್ಲಿ ಕಾಯಬೇಕಾದ ಇಡೀ ರಾತ್ರಿಯನ್ನು ಉಳಿಸಬಲ್ಲುದು.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಏರಿನ ನಡುವೆ ಮುಳ್ಳು ಮೇಲೇರಿದರೆ ಏನು ಮಾಡತಕ್ಕದ್ದು? ಮೊದಲು ಏ.ಸಿ.ಯನ್ನು ನಿಲ್ಲಿಸಿ, ಕಿಟಕಿಗಳನ್ನಿಳಿಸಿ, ಹೀಟರನ್ನು ಪೂರ್ತಿಯಾಗಿ ಹಾಕಬೇಕು. ಒಳಗೆ ಸೆಖೆಯಾದೀತು, ಆದರೆ ಹೀಟರೆಂಬುದು ತನ್ನದೇ ಬೇರೆ ಫ್ಯಾನುಳ್ಳ ಒಂದು ಚಿಕ್ಕ ರೇಡಿಯೇಟರು, ಎಂಜಿನ್ನಿನ ಶಾಖದ ಸ್ವಲ್ಪ ಭಾಗವನ್ನು ಅದು ಹೊರಗೆ ತರುತ್ತದೆ. ಹಾಗೆಯೇ ಮುಂದಿನ ಅಗಲವಾದ ಜಾಗವನ್ನು ಸೇರಿ ನಿಲ್ಲಬೇಕು, ತಿರುವಿನಲ್ಲಿ ನಿಲ್ಲಬಾರದು. ಮುಳ್ಳು ಕೆಂಪನ್ನು ಮುಟ್ಟಿದರೆ ಅಥವಾ ಹಬೆ ಕಂಡರೆ ಎಂಜಿನ್ನನ್ನು ಒಡನೆಯೇ ನಿಲ್ಲಿಸಬೇಕು. ಇನ್ನು ಒಂದೇ ಕಿಲೋಮೀಟರು ಎಂದು ಮುಂದುವರಿದರೆ ಎಂಜಿನ್ನಿನ ತಲೆಭಾಗ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಫ್ಯೂಸಿನ ದೋಷವು ಇಡೀ ಎಂಜಿನ್ನಿನ ರಿಪೇರಿಯಾಗಿ ಬೆಳೆಯುತ್ತದೆ. ಮುಚ್ಚಳವನ್ನು ತೆರೆಯದೆ, ತಣ್ಣೀರನ್ನು ಎಂಜಿನ್ನಿನ ಮೇಲೆ ಸುರಿಯದೆ, ಮುಕ್ಕಾಲು ಗಂಟೆಯಾದರೂ ಸುಮ್ಮನಿರಬೇಕು. ಆಮೇಲೆ ನೀರನ್ನು ನೋಡಿ, ಫ್ಯೂಸನ್ನು ನೋಡಿ, ರಿಲೇಯನ್ನು ಬದಲಿಸಿ ನೋಡಬಹುದು. ರೋಗಿಯಿರುವ ಗಾಡಿಯಾದರೆ ದುರಸ್ತಿಯ ಯೋಚನೆಯನ್ನು ಬಿಟ್ಟು, ದಾರಿಯಲ್ಲಿ ಬರುವ ಮತ್ತೊಂದು ಗಾಡಿಗೆ ಅವರನ್ನು ಸೇರಿಸುವುದೇ ಮೊದಲ ಕರ್ತವ್ಯ.

ಘಟ್ಟದ ದಾರಿಯಲ್ಲಿ ನಮ್ಮ ಕೈಗೆ ಮೀರಿದ್ದು ಬಹಳವಿದೆ. ೨೦೧೯ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಚಾರ್ಮಾಡಿಯ ರಸ್ತೆಯೇ ಮುಚ್ಚಿಹೋಯಿತು. ಅಂತಹ ಕಡೆ ಯಾವ ಜಾಣ್ಮೆಯೂ ನಡೆಯದು. ಆದರೆ ಕಿಲುಬು ಹಿಡಿದ ಕೂಡು, ಸವೆದ ಬ್ರಷ್, ಸುಟ್ಟ ಫ್ಯೂಸು ಇವು ಬೆಟ್ಟಗಳಲ್ಲ. ಇವನ್ನು ಮುಂಚಿತವಾಗಿ ಅರಿಯಬಹುದು, ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ರಿಪೇರಿಯನ್ನು ನಾವೇ ಮಾಡಬೇಕೆಂದೇನೂ ಇಲ್ಲ. ಗಾಡಿ ಬಿಸಿಯಾಗುತ್ತದೆ ಎಂದಷ್ಟೇ ಹೇಳುವ ಬದಲು, ಏ.ಸಿ. ಹಾಕಿದರೆ ಫ್ಯಾನು ತಿರುಗುತ್ತದೆ, ಕಾದಾಗ ತಿರುಗುವುದಿಲ್ಲ ಎಂದು ಮೆಕ್ಯಾನಿಕ್ಕಿನ ಮುಂದೆ ಹೇಳಬಲ್ಲವರಾದರೂ ಸಾಕು. ಅವನ ಅರ್ಧ ದಿನವೂ ನಮ್ಮ ಹಣದ ಒಂದು ಭಾಗವೂ ಉಳಿಯುತ್ತವೆ, ಬೇಡದ ಭಾಗಗಳನ್ನು ಬದಲಾಯಿಸುವ ಪ್ರಸಂಗವೂ ತಪ್ಪುತ್ತದೆ. ರೋಗವನ್ನು ಸರಿಯಾಗಿ ವಿವರಿಸುವ ರೋಗಿಯಿಂದ ವೈದ್ಯನಿಗೆಷ್ಟು ಉಪಕಾರವೋ, ಇದೂ ಅಷ್ಟೇ.